ಹಂಡೆ ಇಲ್ಲದ ವಿಸ್ಕಿ: ಡಬ್ಲಿನ್ ಅಡುಗೆಮನೆಯ ಬಾರ್ಲಿ ದಿನಚರಿ

ಜನವರಿ 11

ಮೊದಲೇ ಹೇಳಿಬಿಡುತ್ತೇನೆ, ನಾನು ವಿಸ್ಕಿ ಮಾಡುತ್ತಿಲ್ಲ. ಐರ್ಲೆಂಡಿನಲ್ಲಿ ಲೈಸೆನ್ಸ್ ಇಲ್ಲದೆ ಭಟ್ಟಿ ಇಳಿಸಿದರೆ ಅಪರಾಧ. ಆದರೆ ಭಟ್ಟಿಗೆ ಮುಂಚಿನ ಕೆಲಸ ಮನೆಯಲ್ಲೇ ಮಾಡಬಹುದು. ಬಾರ್ಲಿ ನೆನೆಸಿ ಮೊಳಕೆ ಬರಿಸಬಹುದು, ಒಣಗಿಸಿ ಪುಡಿ ಮಾಡಬಹುದು, ಬಿಸಿನೀರಲ್ಲಿ ಕಲಸಿ ಸಿಹಿನೀರು ತೆಗೆದು ಈಸ್ಟ್ ಹಾಕಬಹುದು. ಅಲ್ಲಿವರೆಗೆ ಅದು ಮನೆ ಬಿಯರಿನ ತಮ್ಮ, ಅಷ್ಟೆ.

ತಲೆಯಲ್ಲಿ ಕೊರೆಯುತ್ತಿರುವುದು ಒಂದೇ ವಿಷಯ. ಇಲ್ಲಿನವರು ಜಂಬಪಡುವ 'ಸಿಂಗಲ್ ಪಾಟ್ ಸ್ಟಿಲ್' (ಪಾಟ್ ಸ್ಟಿಲ್ ಅಂದರೆ ಭಟ್ಟಿ ಇಳಿಸುವ ಹಂಡೆ) ವಿಸ್ಕಿಗೆ ಮೊಳಕೆ ಬಾರ್ಲಿಯ ಜೊತೆ ಹಸಿ, ಅಂದರೆ ಮೊಳಕೆ ಬರಿಸದ, ಬಾರ್ಲಿಯನ್ನೂ ಹಾಕುತ್ತಾರೆ. ಸ್ಕಾಟ್‌ಲೆಂಡಿನ ಸಿಂಗಲ್ ಮಾಲ್ಟ್‌ಗೆ ಬರೀ ಮೊಳಕೆ ಬಾರ್ಲಿ. ಮೊಳಕೆ ಬರಿಸಿ ಒಣಗಿಸಿದ ಕಾಳಿಗೇ ಮಾಲ್ಟ್ ಅನ್ನುವುದು. ಇವರಿಗ್ಯಾಕೆ ಹಸಿದು? ಉತ್ತರ ಬಹಳ ಜನಕ್ಕೆ ಗೊತ್ತು: ತೆರಿಗೆ. ಆದರೆ ತೆರಿಗೆ ಉಳಿಸಲು ಹಾಕಿದ ಕಾಳು ಪಾತ್ರೆಯೊಳಗೆ ಏನು ಮಾಡುತ್ತದೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿದೆ.

ಜನವರಿ 14

ಮೊದಲ ಸೋಲು. ಅಂಗಡಿಯಲ್ಲಿ ಸೂಪಿಗೆ ಹಾಕುವ ಬಿಳಿ ಬಾರ್ಲಿ ತಂದು ನೆನೆಸಿದ್ದೆ. ಮೂರು ದಿನಕ್ಕೆ ಲೋಳೆ, ಕೆಟ್ಟ ವಾಸನೆ. ಮೊಳಕೆ ಒಂದೂ ಇಲ್ಲ. ಅದು ಪಾಲಿಶ್ ಮಾಡಿದ ಕಾಳು. ಪಾಲಿಶ್ ಮಾಡಿದ ಅಕ್ಕಿಗೆ ಮೊಳಕೆ ಬರುತ್ತಾ? ರೈತರ ಮನೆಯವನಾಗಿ ಇಷ್ಟೂ ಹೊಳೆಯಲಿಲ್ಲ.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಅಯ್ಯೋ, ಸಿಪ್ಪೆ ಇರೋ ಕಾಳು ತಗೊಳ್ಳೋ. ರಾಗಿ ಮೊಳಕೆ ಕಟ್ಟಿದ ಹಾಗೇ ಕಟ್ಟು, ಬಾರ್ಲಿ ಅಂತ ಹೆದರಬೇಡ" ಎಂದರು. ಯಾಕೆ ಬೇಕು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಜನವರಿ 24

ಪಶು ಆಹಾರ ಮಾರುವ ಕಡೆಯಿಂದ ಸಿಪ್ಪೆ ಸಮೇತದ ಬಾರ್ಲಿ ಸಿಕ್ಕಿತು. 2 ಕೆಜಿ ತೆಗೆದು ಎಂಟು ಗಂಟೆ ನೆನೆಸಿದೆ, ನೀರು ಬಸಿದು ಎಂಟು ಗಂಟೆ ಗಾಳಿಗೆ ಬಿಟ್ಟೆ, ಮತ್ತೆ ನೆನೆಸಿದೆ. ನೀರಲ್ಲೇ ಮುಳುಗಿಸಿಟ್ಟರೆ ಕಾಳು ಉಸಿರುಗಟ್ಟಿ ಸಾಯುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಲಿಲ್ಲ, ತಟ್ಟೆಗಳಲ್ಲಿ ತೆಳ್ಳಗೆ ಹರಡಿದೆ. ಈ ಒಂದು ಕಡೆ ಅಮ್ಮನ ಮಾತು ಮೀರಿದೆ. ಬಾರ್ಲಿ ರಾಶಿ ಒಳಗೊಳಗೇ ಕಾವು ಕಟ್ಟಿಕೊಳ್ಳುತ್ತದೆ. ಹಳೆಯ ಮಾಲ್ಟ್ ಮನೆಗಳಲ್ಲಿ ನೆಲದ ಮೇಲೆ ಹರಡಿ, ಮರದ ಸಲಿಕೆಯಿಂದ ಹಗಲೂ ರಾತ್ರಿ ತಿರುವುತ್ತಿದ್ದುದು ಇದಕ್ಕೇ. ನಾನು ದಿನಕ್ಕೆ ಮೂರು ಸಲ ಕೈಯಲ್ಲಿ ತಿರುವಿದೆ.

ಐದನೇ ದಿನ ಬೇರು ಚೆನ್ನಾಗಿ ಬಂದಿತ್ತು. ಆದರೆ ನೋಡಬೇಕಾದ್ದು ಬೇರಲ್ಲ. ಸಿಪ್ಪೆಯೊಳಗೆ, ಕಾಳಿನ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಮೊಳಕೆ ಬೆಳೆಯುತ್ತದೆ. ಅದು ಕಾಳಿನ ಮುಕ್ಕಾಲು ಉದ್ದ ಬಂದಾಗ ನಿಲ್ಲಿಸಬೇಕು. ಅಷ್ಟರಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಎಂಜೈಮುಗಳು ಕಾಳಿನಲ್ಲಿ ತಯಾರಾಗಿರುತ್ತವೆ. ಇನ್ನೂ ಬಿಟ್ಟರೆ ಗಿಡವೇ ಆ ಸಕ್ಕರೆ ತಿಂದುಬಿಡುತ್ತದೆ. ಮಗುವಿಗೆ ಕೊಡುವ ಮೊಳಕೆ ರಾಗಿಯ ಸರಿ ತೆಳ್ಳಗೆ, ಸ್ವಲ್ಪ ಸಿಹಿಯಾಗಿ ಇರುವುದೂ ಈ ಎಂಜೈಮಿನಿಂದಲೇ. ನಮ್ಮ ಅಜ್ಜಿಯಂದಿರೆಲ್ಲ ಮಾಲ್ಟ್ ಮಾಡುವವರೇ, ಬಿಡಿ.

ಜನವರಿ 25

ಓವನ್ ಬಾಗಿಲು ಸ್ವಲ್ಪ ತೆರೆದಿಟ್ಟು 50 ಡಿಗ್ರಿಯಲ್ಲಿ ದಿನವಿಡೀ ಒಣಗಿಸಿದೆ. ಹೊಗೆ ಇಲ್ಲ. ಸ್ಕಾಟ್‌ಲೆಂಡಿನ ಕೆಲವು ವಿಸ್ಕಿಗಳ ಹೊಗೆ ವಾಸನೆ ಈ ಹಂತದಲ್ಲಿ ಪೀಟ್ ಎಂಬ ಜೌಗು ನೆಲದ ಉರುವಲು ಮಣ್ಣು ಸುಡುವುದರಿಂದ ಬರುವುದು. ಐರಿಷ್‌ನಲ್ಲಿ ಹೊಗೆಯಾಡಿಸಿದವು ಕಡಿಮೆ. ಬೇರುಗಳನ್ನು ಉಜ್ಜಿ ಉದುರಿಸಿ ಕೇರಿದೆ. ಮೊರ ಇಲ್ಲ, ಕೇಕ್ ತಟ್ಟೆಯಲ್ಲೇ. ಅರ್ಧ ಹೊಟ್ಟು ಪಕ್ಕದ ಮನೆಯವರ ಹಿತ್ತಲಿಗೆ ಹಾರಿತು.

ಫೆಬ್ರುವರಿ 1

ಇವತ್ತು ಕೆಲಸಕ್ಕೆ ರಜೆ. ಥಾಮಸ್ ಸ್ಟ್ರೀಟ್ ಕಡೆ ಸುತ್ತಾಡಿದೆ. ಜಾರ್ಜ್ ರೋ ಕುಟುಂಬದ ಡಿಸ್ಟಿಲರಿ ಇದ್ದದ್ದು ಇಲ್ಲೇ. 19ನೇ ಶತಮಾನದಲ್ಲಿ ಸುಮಾರು 17 ಎಕರೆ ಹರಡಿಕೊಂಡಿತ್ತು. ಈಗ ಉಳಿದಿರುವುದು ಗಾಳಿಗಿರಣಿಯ ಎತ್ತರದ ಗೋಪುರ ಮತ್ತು ಅದರ ಬುಡದಲ್ಲೊಂದು ಪೇರ್ ಮರ. ಮರದ ಮುಂದೆ ಹತ್ತು ನಿಮಿಷ ನಿಂತಿದ್ದೆ. ಹಿಂದೆ ಮುಂದೆ ಆಫೀಸುಗಳು.

ಲಿಬರ್ಟೀಸ್ ಅನ್ನುವ ಈ ಪ್ರದೇಶದಲ್ಲೇ 1875ರ ಜೂನ್ 18ರ ರಾತ್ರಿ ವಿಸ್ಕಿ ಗೋದಾಮಿಗೆ ಬೆಂಕಿ ಬಿತ್ತು. ಪೀಪಾಯಿಗಳು ಒಡೆದು ವಿಸ್ಕಿ ಬೀದಿಯಲ್ಲಿ ಹರಿಯಿತು. ಸತ್ತವರು 13 ಜನ. ಒಬ್ಬರೂ ಬೆಂಕಿಯಿಂದಲ್ಲ. ಚರಂಡಿಯಲ್ಲಿ ಹರಿದದ್ದನ್ನು ಬಾಚಿ ಕುಡಿದು ಸತ್ತರು.

ಇನ್ನು ಆ ತೆರಿಗೆಯ ಕಥೆ. ಐರಿಷ್ ಭಾಷೆಯಲ್ಲಿ ವಿಸ್ಕಿಗೆ 'ಇಷ್ಕ ಬಾಹಾ' ಅನ್ನುತ್ತಾರೆ, ಜೀವಜಲ ಎಂದರ್ಥ. ಜನ ಮನೆಮನೆಯಲ್ಲಿ ಕಾಯಿಸುತ್ತಿದ್ದ ಸರಕಿಗೆ 1661ರಲ್ಲಿ ಸರ್ಕಾರ ಸುಂಕ ಹಾಕಿತು. ಸುಂಕ ಕಟ್ಟದ್ದು 'ಪೊಟೀನ್' ಆಗಿ ಬೆಟ್ಟ, ಜೌಗು ನೆಲಗಳಿಗೆ ಓಡಿತು. ನಮ್ಮ ಕಳ್ಳಭಟ್ಟಿಯೇ ಇದು. ದೇಶದೊಳಗೆ ಅದನ್ನು ಕಾನೂನುಬದ್ಧವಾಗಿ ಮಾರಲು 1997ರವರೆಗೆ ಕಾಯಬೇಕಾಯಿತು! 1785ರಲ್ಲಿ ಮಾಲ್ಟ್ ಮೇಲೇ ತೆರಿಗೆ ಬಂತು. ಮೊದಲೂ ಬೇರೆ ಕಾಳು ಸೇರಿಸುವುದು ಇತ್ತು. ಈಗ ಲೆಕ್ಕ ಹಾಕಿ ಸೇರಿಸತೊಡಗಿದರು. ಮೊಳಕೆ ಬಾರ್ಲಿ ಕಡಿಮೆ, ತೆರಿಗೆ ಬೀಳದ ಹಸಿ ಬಾರ್ಲಿ ಜಾಸ್ತಿ, ಜೊತೆಗೆ ಸ್ವಲ್ಪ ಓಟ್ಸ್. ಕುಡಿಯುವವರಿಗೆ ಆ ರುಚಿಯೇ ಹಿಡಿಸಿಬಿಟ್ಟಿತು. ತೆರಿಗೆ ಹೋದ ಮೇಲೂ ಪಾಕ ಬದಲಾಗಲಿಲ್ಲ.

ಫೆಬ್ರುವರಿ 7

ಕಲಸುವ ದಿನ. ಎರಡು ಪಾತ್ರೆ. 'ಒಂದು' ಅನ್ನುವುದರಲ್ಲಿ 600 ಗ್ರಾಂ ಮಾಲ್ಟ್ ಮಾತ್ರ. 'ಎರಡು' ಅನ್ನುವುದರಲ್ಲಿ 240 ಗ್ರಾಂ ಮಾಲ್ಟ್, 360 ಗ್ರಾಂ ಹಸಿ ಬಾರ್ಲಿ. ಎರಡಕ್ಕೂ ಎರಡೂವರೆ ಲೀಟರ್ ನೀರು, 64 ಡಿಗ್ರಿಯಲ್ಲಿ ಎರಡು ಗಂಟೆ, ಹಳೆಯ ರಜಾಯಿ ಸುತ್ತಿ ಇಟ್ಟೆ.

ಊರಿಂದ ತಂದ ಮಿಕ್ಸಿಗೆ ಮಾಲ್ಟ್ ಹಾಕಿದರೆ ಹುರಿಗಡಲೆ ಥರ ಪುಡಿಯಾಯಿತು. ಹಸಿ ಬಾರ್ಲಿ ಹಾಕಿದಾಗ ಜಲ್ಲಿಕಲ್ಲು ಹಾಕಿದ ಸದ್ದು. ಎರಡನೇ ಸುತ್ತಿಗೆ ಮಿಕ್ಸಿ ಬಿಸಿಯಾಗಿ ನಿಂತೇಹೋಯಿತು. ಅರ್ಧ ಗಂಟೆ ಬಿಟ್ಟು ಮತ್ತೆ ಅರೆದೆ.

ಸಕ್ಕರೆ ಆಯಿತಾ ಎಂದು ನೋಡಲು ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಸಾಕು. ಒಂದು ಹನಿ ಹಾಕಿದಾಗ ಕಪ್ಪು ನೀಲಿಯಾದರೆ ಪಿಷ್ಟ ಇನ್ನೂ ಇದೆ. 'ಒಂದು' 50 ನಿಮಿಷಕ್ಕೇ ನೀಲಿಯಾಗುವುದು ನಿಂತಿತು. 'ಎರಡು' ಪೂರ್ತಿ ಎರಡು ಗಂಟೆ ತೆಗೆದುಕೊಂಡಿತು. ಆದರೂ ಆಯಿತು, ಅದೇ ಆಶ್ಚರ್ಯ. 240 ಗ್ರಾಂ ಮಾಲ್ಟಿನ ಎಂಜೈಮು ತನ್ನ ಪಿಷ್ಟದ ಜೊತೆ ಹಸಿ ಬಾರ್ಲಿಯದನ್ನೂ ಕರಗಿಸಿತು. ತೆರಿಗೆ ತಪ್ಪಿಸುವ ಉಪಾಯ ನಡೆದದ್ದು ಇದರಿಂದಲೇ.

ಕಷ್ಟ ಶುರುವಾದದ್ದು ಸೋಸುವಾಗ. 'ಒಂದು' ಬಟ್ಟೆಯಿಂದ ಸರಾಗ ಇಳಿಯಿತು. 'ಎರಡು' ಅಂಬಲಿ. ಹಸಿ ಬಾರ್ಲಿಯ ಬೀಟಾ ಗ್ಲೂಕನ್ ಎಂಬ ಅಂಟು, ಮೊಳಕೆ ಬರುವಾಗ ಕರಗಬೇಕಾದ್ದು, ಇಲ್ಲಿ ಹಾಗೇ ಉಳಿದಿತ್ತು. ರಾತ್ರಿ ಹನ್ನೊಂದರವರೆಗೆ ಬಟ್ಟೆ ಹಿಂಡುತ್ತ ಕೂತೆ. ನೆಲವೆಲ್ಲ ಜಿಗುಟು.

ಸಿಹಿನೀರು ಎಷ್ಟು ಗಟ್ಟಿ, ಅಂದರೆ ಸಕ್ಕರೆ ಎಷ್ಟಿದೆ ಎಂದು ತೋರಿಸುವ ಹೈಡ್ರೋಮೀಟರ್ ಲೆಕ್ಕ: 'ಒಂದು' 1.046, 'ಎರಡು' 1.040. 20 ಡಿಗ್ರಿಗೆ ತಣಿಸಿ ಈಸ್ಟ್ ಹಾಕಿ ಮಲಗಿದೆ.

ಫೆಬ್ರುವರಿ 12

ಎರಡೂ 1.012ಕ್ಕೆ ಇಳಿದಿವೆ. ಅಂದರೆ 'ಒಂದು' ಸುಮಾರು 4.5 ಶೇಕಡಾ ಆಲ್ಕೋಹಾಲ್, 'ಎರಡು' 3.7. ಡಿಸ್ಟಿಲರಿಗಳು ಇದರ ಎರಡರಷ್ಟು ತೆಗೆಯುತ್ತವೆ. ನನ್ನ ಕೈ ಅಷ್ಟೇ. ವಾಸನೆ ದೋಸೆ ಹಿಟ್ಟಿಗೂ ಬಾಳೆಹಣ್ಣಿಗೂ ನಡುವಿನದು. ರುಚಿಯಲ್ಲಿ 'ಒಂದು' ತೆಳ್ಳಗೆ, ಬಿಸ್ಕತ್ತಿನ ಥರ. 'ಎರಡು' ನಾಲಿಗೆಗೆ ಎಣ್ಣೆ ಸವರಿದ ಹಾಗೆ, ಹಸಿರು ಕಾಳಿನ ಸೊಗಡು, ಕೊನೆಯಲ್ಲಿ ಮೆಣಸಿನ ಸಣ್ಣ ಚುರುಕು.

ಫೆಬ್ರುವರಿ 21

ಹಂಡೆ ನೋಡದೆ ಇದು ಮುಗಿಯುವುದಿಲ್ಲ ಅನ್ನಿಸಿ ರೈಲು ಹತ್ತಿ ಕಾರ್ಕ್ ಕೌಂಟಿಯ ಮಿಡಲ್ಟನ್‌ಗೆ ಹೋದೆ. 1825ರ ತಾಮ್ರದ ಹಂಡೆ ಹಳೆಯ ಡಿಸ್ಟಿಲರಿಯಲ್ಲಿ ಇನ್ನೂ ಇದೆ. ಸುಮಾರು 31,600 ಗ್ಯಾಲನ್, ಹತ್ತಿರ ಹತ್ತಿರ 1,44,000 ಲೀಟರ್. ಪ್ರಪಂಚದಲ್ಲಿ ಇಷ್ಟು ದೊಡ್ಡ ಪಾಟ್ ಸ್ಟಿಲ್ ಇನ್ನೊಂದಿಲ್ಲ. ನಮ್ಮ ಬಚ್ಚಲುಮನೆ ಹಂಡೆಯ ಮುತ್ತಾತ. ಒಳಗೆ ಒಂದು ಸಂಸಾರ ಇಡಬಹುದು.

ಹುಳಿಸಿದ ನೀರು ಸಾಮಾನ್ಯವಾಗಿ ಮೂರು ಹಂಡೆ ದಾಟುತ್ತದೆ. ಸ್ಕಾಟ್‌ಲೆಂಡಿನಲ್ಲಿ ಹೆಚ್ಚಾಗಿ ಎರಡೇ. ಅದಕ್ಕೇ ಐರಿಷ್ ವಿಸ್ಕಿ ಗಂಟಲಲ್ಲಿ ಮೆತ್ತಗೆ ಇಳಿಯುವುದು ಅನ್ನುತ್ತಾರೆ. ಮೂರು ಸಲ ಇಳಿಸಲೇಬೇಕು ಎಂಬ ಕಾನೂನೇನೂ ಇಲ್ಲ. ಕಾನೂನು ಕೇಳುವುದು ಬೇರೆ: ಐರ್ಲೆಂಡ್ ದ್ವೀಪದಲ್ಲೇ ತಯಾರಾಗಬೇಕು, 700 ಲೀಟರ್ ಮೀರದ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಇಲ್ಲಿನ ಚಳಿಯಲ್ಲಿ ವರ್ಷಕ್ಕೆ ಸುಮಾರು 2 ಶೇಕಡಾ ಆವಿಯಾಗುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರಿಯಲ್ಲಿ ಇದರ ಐದಾರು ಪಟ್ಟು ಹೋಗುತ್ತದೆ, ಬಿಸಿಲಿಗೆ. ಹೀಗೆ ಆವಿಯಾದದ್ದಕ್ಕೆ 'ದೇವತೆಗಳ ಪಾಲು' ಅನ್ನುತ್ತಾರೆ. ದೇವತೆಗಳು ನಮ್ಮಲ್ಲೇ ಜಾಸ್ತಿ ಕುಡಿಯುತ್ತಾರೆ.

ವಾಪಸ್ ಬರುವಾಗ ಕಾಡಿದ್ದು ಈನಿಯಸ್ ಕಾಫಿ. ಅವನು ಐರ್ಲೆಂಡಿನಲ್ಲಿ ಸುಂಕದ ಅಧಿಕಾರಿಯಾಗಿದ್ದವನು, ಕಳ್ಳಭಟ್ಟಿ ಹಿಡಿಯುವವನು. 1830ರಲ್ಲಿ ಅವನೇ ಎತ್ತರದ ಕಂಬದಂಥ ಸ್ಟಿಲ್‌ಗೆ ಪೇಟೆಂಟ್ ಪಡೆದ. ನಿಲ್ಲದೆ ಓಡುತ್ತದೆ, ಖರ್ಚು ಕಡಿಮೆ. ಡಬ್ಲಿನ್‌ನ ದೊಡ್ಡ ಕುಳಗಳು ಅದನ್ನು ಹತ್ತಿರ ಸೇರಿಸಲಿಲ್ಲ. 1870ರ ದಶಕದ ಕೊನೆಯಲ್ಲಂತೂ ನಾಲ್ಕು ಡಿಸ್ಟಿಲರಿಯವರು ಸೇರಿ ಅದರ ವಿರುದ್ಧ ಪುಸ್ತಕವನ್ನೇ ಹೊರತಂದರು. ಅದರಿಂದ ಬಂದದ್ದು ವಿಸ್ಕಿಯೇ ಅಲ್ಲ ಎಂದು ವಾದ. ಸ್ಕಾಟ್‌ಲೆಂಡಿನವರು ಅದನ್ನೇ ಬಾಚಿಕೊಂಡು ಬ್ಲೆಂಡ್ ಮಾಡಿ ಲೋಕವೆಲ್ಲ ಮಾರಿದರು.

ಆಮೇಲಿನದು ಬೇಗ ಹೇಳಿಬಿಡುತ್ತೇನೆ, ಹೇಳಲು ಬೇಜಾರು. ಐರ್ಲೆಂಡಿನ ಸ್ವಾತಂತ್ರ್ಯ ಯುದ್ಧ, 1920ರಿಂದ 1933ರವರೆಗೆ ಅಮೆರಿಕದ ಪಾನನಿಷೇಧ, ಬ್ರಿಟನ್ ಜೊತೆ ವ್ಯಾಪಾರ ಜಗಳ, ಹೀಗೆ ಐರಿಷ್ ವಿಸ್ಕಿಗೆ ಒಂದರ ಮೇಲೊಂದು ಏಟು. ಐರ್ಲೆಂಡ್ ಗಣರಾಜ್ಯದಲ್ಲಿ ಉಳಿದಿದ್ದ ಮೂರು ಕಂಪನಿಗಳು 1966ರಲ್ಲಿ ಒಂದಾದವು. 1980ರ ಹೊತ್ತಿಗೆ ಇಡೀ ದ್ವೀಪದಲ್ಲಿ ವಿಸ್ಕಿ ಹಂಡೆ ಬಿಸಿಯಾಗುತ್ತಿದ್ದದ್ದು ಎರಡೇ ಕಡೆ, ಮಿಡಲ್ಟನ್ ಮತ್ತು ಉತ್ತರ ಐರ್ಲೆಂಡಿನ ಬುಶ್‌ಮಿಲ್ಸ್. ಡಬ್ಲಿನ್‌ನಲ್ಲಿ ಒಂದೂ ಇರಲಿಲ್ಲ. 2015ರಲ್ಲಿ ಲಿಬರ್ಟೀಸ್‌ನಲ್ಲೇ ಟೀಲಿಂಗ್ ಡಿಸ್ಟಿಲರಿ ಬಂತು. ಈಗ ದ್ವೀಪದಲ್ಲಿ ಹತ್ತಾರು ಇವೆ.

ಈನಿಯಸ್ ಕಾಫಿಯ ಸ್ಟಿಲ್ ಒಪ್ಪಿದ್ದರೆ ಡಬ್ಲಿನ್ ಬದುಕುತ್ತಿತ್ತೇನೋ. ಆದರೆ ನನ್ನ 'ಎರಡು' ಪಾತ್ರೆಯ ಆ ಎಣ್ಣೆಯಂಥ ರುಚಿ ಉಳಿಯುತ್ತಿತ್ತಾ? ನಾನು ಹಟಮಾರಿಗಳ ಪಕ್ಷ. ನಷ್ಟ ಅವರದಾಯಿತು, ರುಚಿ ನನಗೆ ಸಿಕ್ಕಿತು. ಹೀಗನ್ನುವುದು ಸ್ವಲ್ಪ ಸ್ವಾರ್ಥ, ಗೊತ್ತು.

ಫೆಬ್ರುವರಿ 22

ಒಂದು ಬಾಟಲಿ ಗ್ರೀನ್ ಸ್ಪಾಟ್ ತಂದೆ, ಸಿಂಗಲ್ ಪಾಟ್ ಸ್ಟಿಲ್. ಪಕ್ಕದಲ್ಲಿ ಉಳಿದ 'ಎರಡು' ಒಂದು ಲೋಟ. ಹಂಡೆ, ಮರ, ವರ್ಷಗಳು ಎಲ್ಲ ದಾಟಿಯೂ ಆ ಎಣ್ಣೆಯ ನುಣುಪು ಮತ್ತು ಮೆಣಸು ಎರಡರಲ್ಲೂ ಇದೆ. ಕಲ್ಪನೆ ಇರಬಹುದು ಅಂತ ರೂಮ್‌ಮೇಟ್‌ಗೆ ಕಣ್ಣು ಮುಚ್ಚಿಸಿ ಕೊಟ್ಟೆ. ಅವನು ವಿಸ್ಕಿ ಸೂಪರ್ ಅಂದ. ನನ್ನ 'ಎರಡು' ಲೋಟವನ್ನು ಮೂಸಿ, "ಇದೇನೋ ಕಲಗಚ್ಚು?" ಅಂದ.

ಮುಂದಿನ ಸಲ ಓಟ್ಸ್. 2014ರ ನಿಯಮದ ಪ್ರಕಾರ ಪಾಟ್ ಸ್ಟಿಲ್‌ನಲ್ಲಿ ಮೊಳಕೆ ಬಾರ್ಲಿ ಕನಿಷ್ಠ 30, ಹಸಿ ಬಾರ್ಲಿ ಕನಿಷ್ಠ 30 ಶೇಕಡಾ ಇರಬೇಕು. ಬೇರೆ ಧಾನ್ಯ 5 ಮೀರುವಂತಿಲ್ಲ ಎಂದು ಆಗ ಬರೆದಿದ್ದರು. ಹಳೆಯ ಪಾಕದಲ್ಲಿ ಓಟ್ಸ್, ರೈ ಇದಕ್ಕಿಂತ ಜಾಸ್ತಿ ಇತ್ತು ಎಂದು ಕೆಲವು ಹೊಸ ಡಿಸ್ಟಿಲರಿಗಳ ತಕರಾರು. ನನ್ನ ಪಾತ್ರೆಗೆ ಆ ನಿಯಮ ಇಲ್ಲ, 15 ಹಾಕುತ್ತೇನೆ. ಓಟ್ಸ್ ಹೊಟ್ಟು ಸಮೇತ ಹಾಕಿದರೆ ಸೋಸುವುದೂ ಸುಲಭ ಆಗಬಹುದು. ಆಗದಿದ್ದರೆ ಮತ್ತೆ ಹನ್ನೊಂದು ಗಂಟೆಯವರೆಗೆ ಹಿಂಡುವುದು.

ಹಿಂಡಿ ಉಳಿದ ಬಾರ್ಲಿ ಚರಟಕ್ಕೆ ಗೋಧಿ ಹಿಟ್ಟು, ಈರುಳ್ಳಿ, ಹಸಿಮೆಣಸು ಸೇರಿಸಿ ರೊಟ್ಟಿ ತಟ್ಟಿದೆ. ಫೋಟೋ ನೋಡಿ ಅಮ್ಮ, "ಇದಕ್ಕಾ ಮೊಳಕೆ ಕಟ್ಟಿದ್ದು?" ಅಂದರು. ಹೂಂ ಅಂದೆ.