ಕ್ಯೂ ತುಂಬೋಕ್ ಮುಂಚೆ: ಸ್ಯಾಲಿ ಫ್ಲಾಯ್ಡ್ ನೆನಪು

ಆಗಸ್ಟ್ 25 ಬಂದ್ರೆ ನಂಗೆ ಇಂಟರ್ನೆಟ್ ದಟ್ಟಣೆ ಬಗ್ಗೆ ಸಂಶೋಧನೆ ಮಾಡಿದ ಸ್ಯಾಲಿ ಫ್ಲಾಯ್ಡ್ ನೆನಪಾಗ್ತಾರೆ. 2019ರಲ್ಲಿ ಅವತ್ತೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತೀರ್ಕೊಂಡ್ರು, 69 ವರ್ಷ. ನಾನು ಅವ್ರನ್ನ ಒಂದ್ಸಲಾನೂ ನೋಡಿಲ್ಲ, ಮಾತಾಡ್ಸಿಲ್ಲ, ಆದ್ರೂ ನಮ್ಮ ನೆಟ್‌ವರ್ಕಿಂಗ್ ಕಸುಬಲ್ಲಿ ಇರೋರಿಗೆ ಅವ್ರು ಜೊತೆ ಕೆಲಸ ಮಾಡ್ದೋರ ಥರಾನೇ, ಯಾಕಂದ್ರೆ ನಾವು ದಿನಾ ಮುಟ್ಟೋ ಟಿಸಿಪಿ, ಅಂದ್ರೆ ಇಂಟರ್ನೆಟ್ಟಲ್ಲಿ ಡೇಟಾ ಕಳಿಸೋ ನಿಯಮಗಳ ಒಳಗೆ ಅವ್ರು ಕೂತು ತಿದ್ದಿದ ಸಾಲುಗಳಿವೆ.

ಎಂ.ಟೆಕ್ ಮಾಡೋವಾಗ ಲ್ಯಾಬಲ್ಲಿ ಎನ್‌ಎಸ್-2 ಅನ್ನೋ ನೆಟ್‌ವರ್ಕ್ ಸಿಮ್ಯುಲೇಟರ್ ಇತ್ತು, ಅದ್ರಲ್ಲಿ ಪ್ಯಾಕೆಟ್‌ಗಳು (ಡೇಟಾದ ತುಂಡುಗಳು) ಕಾಯೋ ಸಾಲನ್ನ ನಿಭಾಯಿಸೋ ರೆಡ್ ಅನ್ನೋ ಕ್ಯೂ ಹಾಕಿ ಗ್ರಾಫ್ ತೆಗೀಬೇಕಿತ್ತು. ರೆಡ್ ಅಂದ್ರೆ ಸ್ಯಾಲಿ ಅವ್ರು ವ್ಯಾನ್ ಜೇಕಬ್‌ಸನ್ ಜೊತೆ 1993ರಲ್ಲಿ ಬರೆದ ಪೇಪರಲ್ಲಿ ಕೊಟ್ಟ ವಿಧಾನ. ಅದ್ಯಾಕೆ ಬೇಕಾಯ್ತು ಅಂದ್ರೆ, 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ಗೂ ಬರ್ಕ್ಲಿ ಯೂನಿವರ್ಸಿಟಿಗೂ ಮಧ್ಯೆ, ಬರೀ 400 ಗಜ ದೂರ, ಸೆಕೆಂಡಿಗೆ 32 ಸಾವಿರ ಬಿಟ್ ಹೋಗ್ತಿದ್ದ ಕಡೆ 40 ಬಿಟ್‌ಗೆ ಇಳಿದುಬಿಡ್ತು. ಸಾವಿರ ಅಲ್ಲ, ಬರೀ 40. ಎಲ್ರೂ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ಲೈನ್ ಉಸಿರು ಕಟ್ಟಿತ್ತು. ಜೇಕಬ್‌ಸನ್ 1988ರಲ್ಲಿ ಕಳಿಸೋರ ಕಡೆ ಮದ್ದು ಹುಡುಕಿದ್ರು, ಮಧ್ಯದಲ್ಲಿರೋ ರೌಟರ್ ಏನ್ ಮಾಡ್ಬೇಕು ಅನ್ನೋದು ಉಳ್ಕೊಂಡಿತ್ತು.

ನಮ್ಮ ಕಡೆ ಮದುವೆ ಛತ್ರದ ಊಟದ ಹಾಲ್ ನೆನೆಸ್ಕೊಳ್ಳಿ. ಹಾಲ್ ಪೂರ್ತಿ ತುಂಬೋವರೆಗೂ ಎಲ್ರನ್ನೂ ಬಿಟ್ಟು, ತುಂಬಿದ ತಕ್ಷಣ ದಢಾರ್ ಅಂತ ಬಾಗಿಲು ಹಾಕಿದ್ರೆ ಹೊರಗಿದ್ದೋರೆಲ್ಲಾ ಒಟ್ಟಿಗೆ ವಾಪಸ್ ಹೋಗ್ತಾರೆ, ಪಂಕ್ತಿ ಎದ್ಮೇಲೆ ಎಲೆ ಹಾಕಿದ್ರೂ ಕೂರೋರಿಲ್ಲ, ಆಮೇಲೆ ಎಲ್ರೂ ಒಟ್ಟಿಗೇ ನುಗ್ತಾರೆ. ಹಳೇ ರೌಟರ್‌ಗಳಲ್ಲಿ ಆಗ್ತಿದ್ದಿದ್ದು ಇದೇ. ರೆಡ್ ಅಂದ್ರೆ ಬಾಗಿಲ ಹತ್ರ ನಿಂತಿರೋ ಹಿರಿಯರು, ಒಂದು ಕ್ಷಣದ ನೂಕುನುಗ್ಗಲು ನೋಡಿ ಗಾಬರಿ ಬೀಳಲ್ಲ, ಸರಾಸರಿ ಸಾಲು ಎಷ್ಟು ಉದ್ದ ಅಂತ ನೋಡ್ತಿರ್ತಾರೆ, ತುಂಬೋಕ್ ಮುಂಚೇನೇ ಅಲ್ಲೊಬ್ರಿಗೆ ಇಲ್ಲೊಬ್ರಿಗೆ "ಮುಂದಿನ ಪಂಕ್ತಿಗೆ ಬನ್ನಿ" ಅಂತಾರೆ, ಅಂದ್ರೆ ರೌಟರ್ ಒಂದೊಂದು ಪ್ಯಾಕೆಟ್ ಬೀಳ್ಸಿ ಕಳಿಸೋರಿಗೆ ನಿಧಾನ ಮಾಡಿ ಅಂತ ಸೂಚಿಸುತ್ತೆ. ಯಾರನ್ನ ತಡೀಬೇಕು ಅನ್ನೋದು ಲಾಟರಿ, ಅದ್ರಿಂದ ಯಾವ ಮನೆಯಿಂದ ಜಾಸ್ತಿ ಜನ ಬಂದಿದಾರೋ ಆ ಮನೆಗೇ ಈ ಮಾತು ಜಾಸ್ತಿ ಸಲ ಬೀಳುತ್ತೆ. ಯಾರ ಹೆಸರೂ ಬರ್ಕೊಳ್ದೆ ನ್ಯಾಯ ಆಗುತ್ತೆ. ಇದನ್ನ ಅರ್ಥ ಮಾಡ್ಕೊಂಡ ದಿನ ನಂಗೆ ಆದ ಖುಷಿ ಈಗ್ಲೂ ನೆನಪಿದೆ.

ಆದ್ರೆ ನನ್ನ ಗ್ರಾಫ್ ಸರಿ ಬರ್ತಿರ್ಲಿಲ್ಲ. ಕ್ಯೂ ಒಂದು ಮಿತಿ ದಾಟಿದ ತಕ್ಷಣ ಎಲ್ಲಾ ಪ್ಯಾಕೆಟ್ಟೂ ಬೀಳ್ತಿತ್ತು, ಗೆರೆ ಗರಗಸದ ಥರ ಮೇಲೆ ಕೆಳಗೆ. ಎರಡು ವಾರ ಒದ್ದಾಡಿದ ಮೇಲೆ ಸ್ಯಾಲಿ ಅವ್ರೇ ಬರೆದಿಟ್ಟ ಟಿಪ್ಪಣಿಗಳು ಸಿಕ್ಕವು. 1997ರಲ್ಲಿ ಒಂದು, ಪ್ಯಾರಾಮೀಟರ್ ಎಷ್ಟೆಷ್ಟು ಇಡ್ಬೇಕು ಅಂತ. 2000ದಲ್ಲಿ ಇನ್ನೊಂದು, ಜೆಂಟಲ್ ಅನ್ನೋ ಆಯ್ಕೆ ಆನ್ ಮಾಡಿ ಅಂತ, ಅಂದ್ರೆ ಮಿತಿ ದಾಟಿದ ತಕ್ಷಣ ಎಲ್ಲಾ ಬೀಳ್ಸೋ ಬದ್ಲು ಆ ಮಿತಿಯ ಎರಡರಷ್ಟು ಆಗೋವರೆಗೂ ನಿಧಾನಕ್ಕೆ ಏರ್ಸೋದು. ಅಷ್ಟು ದೊಡ್ಡ ಹೆಸರು ತಂದ ಪೇಪರ್, ಏಳು ವರ್ಷ ಆದ್ಮೇಲೂ ಅವ್ರೇ ಕೂತು ಇಲ್ಲಿ ಹೀಗಿದ್ರೆ ಇನ್ನೂ ಚೆನ್ನಾಗಿರುತ್ತೆ ಅಂತ ತಿದ್ದಿ ಎಲ್ರಿಗೂ ಕಾಣೋ ಹಾಗೆ ಇಟ್ಟಿದ್ರು. ಇಂಥ ಕೆಲಸಕ್ಕೆ ಪ್ರಶಸ್ತಿ ಬರಲ್ಲ. ಅವ್ರಿಗೆ 2007ರಲ್ಲಿ ನೆಟ್‌ವರ್ಕಿಂಗ್ ಸಂಶೋಧನೆಗೆ ಕೊಡೋ ಸಿಗ್‌ಕಾಮ್ ಪ್ರಶಸ್ತಿ ಬಂತು, ಬರ್ಲೇಬೇಕಿತ್ತು, ಆದ್ರೆ ನನ್ನ ಮಟ್ಟಿಗೆ ಅವ್ರ ಸೇವೆ ಅಂದ್ರೆ ಆ ಟಿಪ್ಪಣಿಗಳೇ, ಎಲ್ಲೋ ಇನ್ನೊಂದು ದೇಶದ ಲ್ಯಾಬಲ್ಲಿ ರಾತ್ರಿ ಹನ್ನೊಂದಕ್ಕೆ ಕೂತಿರೋ ಹುಡುಗನಿಗೆ ದಾರಿ ಸಿಗ್ಲಿ ಅಂತ ಬರೆದಿಟ್ಟಂಗಿದ್ವು.

ಅವ್ರು ನೇರವಾಗಿ ಈ ದಾರಿಗೆ ಬಂದೋರಲ್ಲ. ಓದಿದ್ದು ಸೋಶಿಯಾಲಜಿ, 1971ರಲ್ಲಿ ಡಿಗ್ರಿ. ಆಮೇಲೆ ಬಾರ್ಟ್ ಅನ್ನೋ ಅಲ್ಲಿನ ರೈಲು ವ್ಯವಸ್ಥೆಯಲ್ಲಿ ಕಂಪ್ಯೂಟರ್ ಕೆಲಸ, ಮತ್ತೆ ಬರ್ಕ್ಲಿಗೆ ಹೋಗಿ 1989ರಲ್ಲಿ ಪಿಎಚ್‌ಡಿ. ಎಲ್ರೂ ಹಂಚ್ಕೊಳ್ಳೋ ವಸ್ತು ಹೇಗೆ ಕೆಡುತ್ತೆ ಅನ್ನೋದ್ರ ಮೇಲೆ ಅವ್ರಿಗೆ ಇದ್ದ ಕಣ್ಣು ಆ ಮೊದಲಿನ ಓದಿಂದ್ಲೇ ಬಂತೇನೋ ಅಂತ ನಂಗನ್ಸುತ್ತೆ. 2000ದ ಆರ್‌ಎಫ್‌ಸಿ 2914 (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ಹೇಗೆ ನಡೀಬೇಕು ಅಂತ ಬರೆದಿಡೋ ದಾಖಲೆ) ಅವ್ರೊಬ್ರೇ ಬರೆದಿದ್ದು, ಯಾವ ಹೊಸ ಪ್ರೊಟೊಕಾಲ್ ಬಂದ್ರೂ ದಟ್ಟಣೆ ಕಂಡಾಗ ಹಿಂದೆ ಸರೀಲೇಬೇಕು, ಇಲ್ಲಾಂದ್ರೆ ಸರಿಯೋರೆಲ್ಲಾ ಸೋತು ಸರಿಯದೇ ಇರೋನು ಲೈನ್ ಪೂರ್ತಿ ನುಂಗ್ತಾನೆ ಅನ್ನೋದು ಅದ್ರ ಸಾರ. ಓದೋಕೆ ಒಣ ಒಣ ಭಾಷೆ, ಆದ್ರೆ ಒಳಗಿರೋದು ಪಕ್ಕಾ ಊರ ಕೆರೆ ನೀರಿನ ಲೆಕ್ಕ.

ಇನ್ನು ಇಸಿಎನ್, ಅಂದ್ರೆ ದಟ್ಟಣೆ ಇದೆ ಅಂತ ಬಾಯ್ಬಿಟ್ಟು ಹೇಳೋ ವಿಧಾನ. ಪ್ಯಾಕೆಟ್ ಬೀಳ್ಸಿ ಎಚ್ಚರಿಸೋ ಬದ್ಲು, ಅದನ್ನ ಒಳಗೆ ಬಿಟ್ಟು ಮೇಲೆ ಒಂದು ಗುರುತು ಹಾಕಿ ಕಳಿಸೋದು, ಊಟಕ್ಕೆ ಕೂರ್ಸಿ "ನಿಮ್ಮ ಕಡೆಯೋರಿಗೆ ಸ್ವಲ್ಪ ನಿಧಾನಕ್ಕೆ ಬರೋಕ್ ಹೇಳಿ" ಅಂದಂಗೆ. ಇದ್ರ ಬೇರು ಡೆಕ್‌ಬಿಟ್ ಅನ್ನೋ ಕೆಲಸದಲ್ಲಿದೆ, ಅದನ್ನ ಮಾಡಿದ್ದು ಕೆ. ಕೆ. ರಾಮಕೃಷ್ಣನ್ ಮತ್ತು ರಾಜ್ ಜೈನ್, ಇಬ್ರೂ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಓದಿದೋರು. ಸ್ಯಾಲಿ 1994ರಲ್ಲಿ ಟಿಸಿಪಿಗೆ ಇದು ಹೇಗೆ ಹೊಂದುತ್ತೆ ಅಂತ ಬರೆದ್ರು, ರಾಮಕೃಷ್ಣನ್ ಮತ್ತೆ ಡೇವಿಡ್ ಬ್ಲ್ಯಾಕ್ ಜೊತೆ ಸೇರಿ 2001ರಲ್ಲಿ ಆರ್‌ಎಫ್‌ಸಿ 3168 ತಂದ್ರು. ಅಷ್ಟಕ್ಕೇ ಮುಗೀಲಿಲ್ಲ, ಕೆಲವು ಫೈರ್‌ವಾಲ್‌ಗಳು ಈ ಹೊಸ ಬಿಟ್ ಕಂಡ್ರೆ ಕನೆಕ್ಷನ್ನೇ ಕಡಿದು ಹಾಕ್ತಿದ್ವು, ಅದ್ಯಾಕೆ ತಪ್ಪು ಅಂತ 2002ರಲ್ಲಿ ಆರ್‌ಎಫ್‌ಸಿ 3360 ಬರೆದಿದ್ದೂ ಸ್ಯಾಲಿ ಅವ್ರೇ. ಇಂಥ ಬೇಜಾರು ಕೆಲಸ ಯಾರಾದ್ರೂ ಮಾಡ್ಲಿ ಅಂತ ಎಲ್ರೂ ಬಿಡ್ತಾರೆ.

2009ರಲ್ಲಿ ಕೆಲಸದಿಂದ ನಿವೃತ್ತಿ ಆದ್ರು. ಇಸಿಎನ್ ಆಗಿನ್ನೂ ಎಲ್ಲಾ ಕಡೆ ಬಳಕೆಗೆ ಬಂದಿರ್ಲಿಲ್ಲ, ಆಮೇಲೆ ಡೇಟಾ ಸೆಂಟರ್‌ಗಳು ಅದನ್ನ ಹಿಡ್ಕೊಂಡ್ವು.

ಮನೇಲಿ ಹಳೇ ಪಿಸಿಗೆ ಲಿನಕ್ಸ್ ಹಾಕಿ ರೌಟರ್ ಮಾಡ್ಕೊಂಡಿದೀನಿ, ಇಸಿಎನ್ ಆನ್ ಇದೆ. ಈ ಸಲ ಆಗಸ್ಟ್ 25ಕ್ಕೆ ರಾತ್ರಿ ದೊಡ್ಡ ಫೈಲ್ ಒಂದನ್ನ ಅಪ್‌ಲೋಡಿಗೆ ಹಾಕಿ, ಹೊರಗೆ ಹೋಗ್ತಿರೋ ಪ್ಯಾಕೆಟ್‌ಗಳನ್ನ ಹಿಡಿದು ನೋಡ್ತಾ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಂದು ಕಾಣಿಸ್ತು, ಹೆಡರಲ್ಲಿ ಇಸಿಎನ್‌ಗೆ ಅಂತ ಇರೋ ಎರಡೂ ಬಿಟ್ ಒಂದು ಒಂದು. ದಟ್ಟಣೆ ಇದೆ ಅಂತ ಗುರುತು ಹೊತ್ಕೊಂಡು, ಎಲ್ಲೂ ಬೀಳದೆ ಹೊರಟಿತ್ತು.