‘ಯಾವ ಕ್ಯಾಮೆರಾ ತಗೊಳ್ಳಲಿ?’ ಅನ್ನುವವರಿಗೆ

‘ಹಕ್ಕಿ, ಪ್ರಾಣಿ ಫೋಟೋ ತೆಗೆಯೋ ಆಸೆ ಇದೆ, ಯಾವ ಕ್ಯಾಮೆರಾ ತಗೊಳ್ಳಲಿ?’ ತುಮಕೂರು ಕಡೆಯ ಹುಡುಗರು ಹೆಚ್ಚಾಗಿ ಕೇಳುವುದು ಇದನ್ನೇ. ಹಳೇ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ), ದೂರದ್ದನ್ನು ಹತ್ತಿರ ತೋರಿಸುವ 70-300 ಎಂಎಂ ಲೆನ್ಸ್ ಇದ್ದರೆ ಧಾರಾಳವಾಯಿತು. ಮೊದಲು ಹಿಡಿಯಬೇಕಾದದ್ದು ಒಂದು ಜಾಗ. ವರ್ಷಕ್ಕೊಮ್ಮೆ ಬಂಡೀಪುರದ ಸಫಾರಿಗೆ ಹೋಗಿಬಂದರೆ ಈ ಹುಚ್ಚು ಹತ್ತುವುದಿಲ್ಲ. ಒಂದೇ ಮರದ ಎದುರು ವಾರವಾರ ನಿಂತರೆ ಹತ್ತುತ್ತದೆ.

ಶಿರಾ ತಾಲ್ಲೂಕಿನ ಕಗ್ಗಲಡುವಿಗೆ ಹೋಗಿ. ಊರೊಳಗಿನ ಹುಣಸೆಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರು ಅವನ್ನು ಮನೆಮಕ್ಕಳಂತೆ ಕಾಯುತ್ತಾರೆ. ಕೊಕ್ಕರೆ ಇಳಿಯುವುದು ಗಾಳಿಗೆ ಎದುರಾಗಿ. ಪಡುವಣ ಗಾಳಿ ಬೀಸುವ ಸಂಜೆ ಮರದ ಪಶ್ಚಿಮಕ್ಕೆ ನಿಲ್ಲಿ: ಬಿಸಿಲೂ ಗಾಳಿಯೂ ನಿಮ್ಮ ಬೆನ್ನಿಗೆ, ಹಕ್ಕಿ ನಿಮ್ಮ ಮುಖಕ್ಕೆ. ಹಾರುವ ಹಕ್ಕಿಗೆ ಶಟರ್ (ಬೆಳಕು ಒಳಬಿಡುವ ಪರದೆ) 1/1600 ಸೆಕೆಂಡ್, ಕೂತದ್ದಕ್ಕೆ 1/500; ಬೆಳಕು ಕಡಿಮೆಯಾದಂತೆ ಕ್ಯಾಮೆರಾದ ಸೂಕ್ಷ್ಮತೆಯನ್ನು ತಾನೇ ಏರಿಸುವ ಆಟೋ ಐಎಸ್‌ಒಗೆ 3200ರ ಮಿತಿ ಹಾಕಿ. ಎಲ್ಲರೂ ಎಡವುವುದು ಬೆಳಕಿನಲ್ಲಿ. ಹಿಂದೆ ಕಪ್ಪು ಎಲೆಗಳಿದ್ದರೆ ಕ್ಯಾಮೆರಾ ಕತ್ತಲೆಂದುಕೊಂಡು ಬೆಳಕು ಹೆಚ್ಚಿಸುತ್ತದೆ, ಬಿಳಿ ಗರಿಯ ಎಳೆಗಳೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತವೆ. ಆಗ ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ಇಳಿಸಬೇಕು. ಅದೇ ಹಕ್ಕಿ ಬಿಳಿ ಆಕಾಶದ ಮುಂದೆ ಬಂದರೆ ಒಂದು ಸ್ಟಾಪ್ ಏರಿಸಬೇಕು. ಗೂಡಿನ ಕೆಳಗೆ ಮಾತ್ರ ಓಡಾಡಬೇಡಿ. ಗಾಬರಿಯಿಂದ ತಾಯಿ ಎದ್ದರೆ ಮರಿಗೆ ರೆಕ್ಕೆಯ ನೆರಳು ತಪ್ಪುತ್ತದೆ. ಬೇಸಿಗೆಯ ಬಿಸಿಲು ಅದರ ಜೀವಕ್ಕೇ ಕುತ್ತು.

ಕೈ ಕುದುರಿದ ಮೇಲೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ. ಅಲ್ಲಿನ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಹುಲ್ಲುಗಾವಲು; ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಒಳಗೆ ಹೋಗಿ. ಹಿಂಡಿನ ಹಿಂದೆ ಓಡಿದರೆ ಸಿಗುವುದು ಬರೀ ಬೆನ್ನು. ಗಂಡು ತನ್ನ ಎಲ್ಲೆಯೊಳಗೆ ಒಂದೇ ಜಾಗದಲ್ಲಿ ಮತ್ತೆಮತ್ತೆ ಹಿಕ್ಕೆ ಹಾಕುತ್ತದೆ. ಹಸಿ ಹಿಕ್ಕೆಯ ರಾಶಿ ಕಂಡರೆ ದೂರದಲ್ಲಿ ನೆಲಕ್ಕೆ ಕೂತು ಕಾಯಿರಿ, ಅದಾಗಿಯೇ ಬರುತ್ತದೆ. ಕಪ್ಪು ಮುಖದಲ್ಲಿ ಕಣ್ಣು ಕಾಣುವುದು ಅದು ಬಿಸಿಲಿಗೆ ತಿರುಗಿದಾಗಲೇ. ಬೆರಳು ಅಲ್ಲಿಯವರೆಗೆ ತಡೆಯಲಿ.

ಬಿಸಿಲೇರಿದ ಮೇಲೆ ಚಿತ್ರವೆಲ್ಲ ಮಸುಕು ಅಂತ ಲೆನ್ಸ್ ಮಾರಿದವರಿದ್ದಾರೆ. ಅದು ಕಾದ ನೆಲದಿಂದೇಳುವ ಝಳ. ದೂರದ ಪ್ರಾಣಿಯ ಅಂಚು ನೀರಿನಲ್ಲಿದ್ದಂತೆ ಅಲುಗುತ್ತದೆ, ಯಾವ ಲೆನ್ಸೂ ಅದನ್ನು ನೆಟ್ಟಗೆ ಮಾಡದು. ಬೆಳಿಗ್ಗೆ ಆರಕ್ಕೆ ಅಲ್ಲಿರಿ, ಒಂಬತ್ತಕ್ಕೆ ಕ್ಯಾಮೆರಾ ಒಳಗಿಡಿ.