ಗಿಥೋರ್ನ್‌ನಲ್ಲಿ ಬೋಟ್ ಬಿಡೋ ಮುಂಚೆ ಗಾಳಿ ಯಾವ ಕಡೆಯಿಂದ ನೋಡಿ

ಊರಿಂದ ಅಪ್ಪ ಅಮ್ಮ ಬಂದರೆ ನೆದರ್‌ಲ್ಯಾಂಡ್ಸ್‌ನಲ್ಲಿರುವ ನಾವೆಲ್ಲ ಮಾಡೋದು ಹೆಚ್ಚುಕಮ್ಮಿ ಒಂದೇ. ಒಂದು ಶನಿವಾರ ಟುಲಿಪ್, ಇನ್ನೊಂದು ಶನಿವಾರ ಗಿಥೋರ್ನ್. ರಸ್ತೆಯ ಬದಲು ಕಾಲುವೆ, ಹುಲ್ಲು ಹೊದಿಸಿದ ಮನೆಗಳು, ನೂರೆಪ್ಪತ್ತಕ್ಕೂ ಜಾಸ್ತಿ ಮರದ ಸೇತುವೆಗಳು. ಅಲ್ಲಿ ಬಾಡಿಗೆಗೆ ಸಿಗುವ ಎಲೆಕ್ಟ್ರಿಕ್ ಬೋಟಿಗೆ 'ಪಿಸುಮಾತಿನ ದೋಣಿ' ಅಂತ ಹೆಸರು. ಲೈಸೆನ್ಸ್ ಬೇಡ. ಐದು ನಿಮಿಷ ಹೇಳಿಕೊಟ್ಟು ನಿಮ್ಮ ಕೈಗೇ ಕೊಟ್ಟುಬಿಡುತ್ತಾರೆ.

ಕಾಲುವೆಯಲ್ಲಿ ಏನೂ ಕಷ್ಟವಿಲ್ಲ. ಬಲಕ್ಕೆ ಇರಿ, ಸೇತುವೆ ಕೆಳಗೆ ನಿಧಾನವಾಗಿ ಹೋಗಿ. ಮೋಟರ್ ಸದ್ದೇ ಮಾಡುವುದಿಲ್ಲವಾದ್ದರಿಂದ ತಿರುವಿನಲ್ಲಿ ಎದುರಿನವರಿಗೆ ನೀವು ಬರುವುದು ಗೊತ್ತಾಗುವುದಿಲ್ಲ. ಒಂದು ಕೂಗು ಹಾಕಿ, ನಾಚಿಕೆ ಬೇಡ.

ಕಷ್ಟ ಶುರುವಾಗುವುದು ಬೋವನ್‌ವೈಡೆ ಕೆರೆಯಲ್ಲಿ. ಹಿಂದಿನ ಕಾಲದವರು ಉರುವಲಿಗೆ ಪೀಟ್ ಮಣ್ಣು ಅಗೆದು ಅಗೆದು ಆದ ಕೆರೆ ಇದು, ಆಳ ಸುಮಾರು 1 ಮೀಟರ್. ಊರಿನ ಪೂರ್ವಕ್ಕಿದೆ. ಈ ದೇಶದಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುತ್ತದೆ. ಅಂದರೆ ಹೋಗುವಾಗ ಗಾಳಿ ಬೆನ್ನಿಗೆ, ಬರುವಾಗ ಮುಖಕ್ಕೆ. ನಾವು ಹೋಗುವಾಗ "ಎಷ್ಟು ಆರಾಮ, ಅಲ್ವಾ" ಅಂದುಕೊಂಡು ಕೆರೆಯ ಆ ತುದಿಯವರೆಗೂ ಹೋದೆವು. ತಿರುಗಿಸಿದ ಮೇಲೆ ಗೊತ್ತಾಯಿತು.

ಈ ಬೋಟಿನ ಅಡಿ ಚಪ್ಪಟೆ. ನೀರಲ್ಲಿ ಹಿಡಿತವೇ ಇಲ್ಲ, ಗಾಳಿ ಬಂದರೆ ತಟ್ಟೆ ಹಾಗೆ ಪಕ್ಕಕ್ಕೆ ಜಾರುತ್ತದೆ. ನಾವು ಮೂವರು ಹಿಂದೆ ಕೂತಿದ್ದರಿಂದ ಮುಂದಿನ ಮೂತಿ ಮೇಲೆದ್ದಿತ್ತು. ಗಾಳಿ ಆ ಮೂತಿಯನ್ನೇ ಹಿಡಿದು ತಿರುಗಿಸುತ್ತಿತ್ತು. ನಾನು ಹೆದರಿ ಮೋಟರ್ ಫುಲ್ ಕೊಟ್ಟೆ. ಬ್ಯಾಟರಿ ಮುಳ್ಳು ಸರ್‍ರನೆ ಇಳಿಯಿತು. "ಇದು ಮುಗಿದ್ರೆ ಏನೋ ಗತಿ?" ಅಂತ ಅಪ್ಪ. ಅಮ್ಮ ಮಾತಾಡಲೇ ಇಲ್ಲ, ಮಂಜುನಾಥ ಮಂಜುನಾಥ ಅಂತಿದ್ದರು.

ಆಮೇಲೆ ಲೆಕ್ಕ ಅರ್ಥವಾಯಿತು. ಬೋಟಿನ ವೇಗ 2 ಪಟ್ಟಾಗಬೇಕಾದರೆ ಮೋಟರಿಗೆ ಸುಮಾರು 8 ಪಟ್ಟು ಪವರ್ ಬೇಕು. ಹಾಗಾಗಿ ಫುಲ್ ಕೊಟ್ಟರೆ ಬ್ಯಾಟರಿ ಖಾಲಿಯಾಗುವಷ್ಟು ಬೇಗ ದಾರಿ ಸಾಗುವುದಿಲ್ಲ. ಅರ್ಧಕ್ಕೆ ಇಳಿಸಿದೆ. ಮುಳ್ಳು ಸ್ವಲ್ಪ ಮೇಲೂ ಬಂತು. ಎಳೆತ ಜಾಸ್ತಿ ಇದ್ದಾಗ ಅದು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಆದರೆ ಪೂರ್ತಿ ಆಫ್ ಮಾಡಲೂಬೇಡಿ. ಮೋಟರ್ ನಿಂತರೆ ಬೋಟ್ ನಿಮ್ಮ ಮಾತು ಕೇಳುವುದಿಲ್ಲ.

ಅಪ್ಪನನ್ನು ಮುಂದೆ ಕೂರಿಸಿದ ಮೇಲೆ ಮೂತಿ ಕೂತಿತು. ಇದೊಂದು ಉಪಾಯ ಯಾರೂ ಹೇಳಿಕೊಟ್ಟಿರಲಿಲ್ಲ. ಜಾಗ ಬದಲಾಯಿಸುವಾಗ ಮಾತ್ರ ಎದ್ದು ನಿಲ್ಲದೆ ಬಗ್ಗಿಕೊಂಡು, ಒಬ್ಬೊಬ್ಬರಾಗಿ ಹೋಗಿ. ಆಮೇಲೆ ನೇರವಾಗಿ ಕೆರೆ ದಾಟುವುದು ಬಿಟ್ಟು, ಗಾಳಿ ಬರುವ ಕಡೆಯ ದಡಕ್ಕೆ ಓರೆಯಾಗಿ ಸೇರಿಕೊಂಡೆವು. ಅಲ್ಲಿ ಜೊಂಡು, ಮರಗಳ ಮರೆಗೆ ನೀರು ಸುಮ್ನೆ ಮಲಗಿತ್ತು. ದಾರಿ ಉದ್ದವಾಯಿತು, ಆದರೆ ಸಲೀಸು.

ದಡದ ಹತ್ತಿರ ಇನ್ನೊಂದು ಕಾಟ, ಪ್ರೊಪೆಲ್ಲರಿಗೆ ಕಳೆ ಸುತ್ತಿಕೊಳ್ಳುತ್ತದೆ. ಮೋಟರ್ ಓಡುತ್ತಿದ್ದರೂ ಬೋಟ್ ಮುಂದೆ ಹೋಗದಿದ್ದರೆ ಅದೇ. ಒಮ್ಮೆ ನಿಲ್ಲಿಸಿ ಸ್ವಲ್ಪ ರಿವರ್ಸ್ ಕೊಡಿ, ಬಿಚ್ಚಿಕೊಳ್ಳುತ್ತದೆ. ಕೈ ಹಾಕಬೇಡಿ.

ಮತ್ತೆ ಹೋದರೆ ನಾನು ಮೊದಲು ಕೆರೆ, ಆಮೇಲೆ ಊರ ಕಾಲುವೆ ಅನ್ನುತ್ತೇನೆ. ಬ್ಯಾಟರಿ ತುಂಬಿರುವಾಗಲೇ ಗಾಳಿಯ ಕೆಲಸ ಮುಗಿಯಲಿ. ಗಾಳಿ 5 ಬೋಫರ್ಟ್, ಅಂದರೆ ಗಂಟೆಗೆ ಸುಮಾರು 30 ಕಿ.ಮೀ. ದಾಟಿದ್ದರೆ ಕೆರೆಯ ಆಸೆ ಬಿಡಿ. ಕಾಲುವೆಯೊಂದೇ ಸಾಕು, ಚಂದ ಇರುವುದೂ ಅದೇ. ಮಕ್ಕಳಿಗೆ ಲೈಫ್ ಜಾಕೆಟ್ ಕೇಳಿ ಪಡೆಯಿರಿ. ಆಳ ಕಡಿಮೆ ನಿಜ, ಆದರೆ ಕೆಳಗೆ ಕೆಸರು, ನೀರು ವಸಂತದಲ್ಲೂ ಕೊರೆಯುತ್ತದೆ.

ಕಾರಿಲ್ಲದವರು ರೈಲಿನಲ್ಲಿ ಸ್ಟೇನ್‌ವೈಕ್‌ಗೆ ಹೋಗಿ ಅಲ್ಲಿಂದ ಬಸ್ ಹಿಡಿಯಬಹುದು. ಬೇಸಿಗೆಯ ಶನಿವಾರ, ಭಾನುವಾರ ಹನ್ನೊಂದರ ಮೇಲೆ ಕಾಲುವೆ ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ ಥರ, ಬೇಗ ಹೋಗಿ. ಚಿತ್ರಾನ್ನದ ಡಬ್ಬಿ ಕೆರೆ ಮಧ್ಯೆ ತೆಗೆಯಬೇಡಿ. ನಮ್ಮದರ ಮುಚ್ಚಳ ಇನ್ನೂ ಅಲ್ಲೇ ಎಲ್ಲೋ ತೇಲುತ್ತಿದೆ.